ಮೊದಲ ಕತ್ತಿ ನೀವೇ ಮಾಡಿ: ಆಕಾರಕ್ಕಿಂತ ಹದ ಮುಖ್ಯ

ಮೊಬೈಲ್‌ನಲ್ಲಿ ಕತ್ತಿ ಮಾಡುವ ವಿಡಿಯೋ ನೋಡಿ "ನಾನೂ ಒಂದು ಮಾಡ್ಬೇಕು" ಅಂದುಕೊಂಡವರು ನಿಮ್ಮಲ್ಲಿ ತುಂಬಾ ಜನ ಇರ್ತೀರಿ. ಒಳ್ಳೆಯ ಹವ್ಯಾಸವೇ. ಆದರೆ ಹೆಚ್ಚಿನ ವಿಡಿಯೋಗಳಲ್ಲಿ ಕಿಡಿ ಹಾರೋದನ್ನೇ ತೋರಿಸಿ, ಹದ ಹಾಕೋದನ್ನ ಕ್ಷಣದಲ್ಲಿ ಮುಗಿಸಿಬಿಡ್ತಾರೆ. ಹದ ಕಡಿಮೆಯಾದ ಕತ್ತಿ ಒಂದು ಹೊರೆ ಮೇವು ಕೊಯ್ಯುವಷ್ಟರಲ್ಲಿ ಮೊಂಡಾಗುತ್ತೆ. ಹದ ಹೆಚ್ಚಾದರೆ ಗಟ್ಟಿ ಕೊಂಬೆಗೆ ತಾಗಿದಾಗ ಮುರಿದು ಚೂರು ಹಾರುತ್ತೆ. ಅದಕ್ಕೇ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹೇಳ್ತಿದ್ದೀನಿ. ಮೊದಲ ಸಲಕ್ಕೆ ಮಚ್ಚು ಬೇಡ. 4 ಇಂಚಿನ ಸಣ್ಣ ಕೈಗತ್ತಿ ಸಾಕು.

ಯಾವ ಕಬ್ಬಿಣ ಬೇಕು?

ಕಬ್ಬಿಣ ಹದ ಹಿಡಿಯೋದು ಅದರಲ್ಲಿರುವ ಇಂಗಾಲದಿಂದ. ಮನೆ ಕಟ್ಟುವ ಟಿಎಂಟಿ ಸರಳಿನಲ್ಲಿ ಅದು ಶೇ 0.3 ದಾಟೋದಿಲ್ಲ, ಎಷ್ಟು ಕಾಯಿಸಿ ಅದ್ದಿದರೂ ಒಳ್ಳೆಯ ಬಾಯಿ ಬರೋಲ್ಲ. ಲಾರಿ, ಟ್ರೇಲರ್‌ಗಳ ಕಮಾನು ಪಟ್ಟಿ, ಅಂದ್ರೆ ಲೀಫ್ ಸ್ಪ್ರಿಂಗ್‌ನಲ್ಲಿ ಸುಮಾರು ಶೇ 0.5ರಿಂದ 0.6 ಇರುತ್ತೆ. ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತೆ. ತುಕ್ಕು ಉಜ್ಜಿ, ಕೂದಲೆಳೆಯಂಥ ಬಿರುಕು ಇದೆಯಾ ನೋಡಿಕೊಳ್ಳಿ. ಸತು ಲೇಪಿಸಿದ ಜಿಐ ತುಂಡನ್ನು ಮಾತ್ರ ಬೆಂಕಿಗೆ ಹಾಕಲೇಬೇಡಿ. ಅದರ ಹೊಗೆ ಜ್ವರ, ಉಸಿರಾಟದ ತೊಂದರೆ ತರುತ್ತೆ.

ಕುಲುಮೆಗೆ ಹೋಗಿ

ಪಟ್ಟಿ ದಪ್ಪ ಇರುತ್ತೆ. ಊರಲ್ಲೋ ಪಕ್ಕದ ಹೋಬಳಿಯಲ್ಲೋ ಕುಲುಮೆ ಇದ್ದರೆ ಅಲ್ಲಿನ ಯಜಮಾನರ ಹತ್ತಿರ ಕೂಲಿ ಕೊಟ್ಟು 4 ಮಿ.ಮೀ. ದಪ್ಪಕ್ಕೆ ಬಡಿಸಿಕೊಳ್ಳಿ. ತಿದಿ ನೀವೇ ಒತ್ತಿ, ಇಕ್ಕಳ ಹಿಡಿಯೋದು ಕೇಳಿ ಕಲಿಯಿರಿ. ಬಣ್ಣ ನೋಡಿ ಕಾವು ಹೇಳುವ ಅವರ ಕಣ್ಣು ಯಾವ ವಿಡಿಯೋದಲ್ಲೂ ಸಿಗೋಲ್ಲ. ಅನೇಕ ಊರುಗಳಲ್ಲಿ ಕುಲುಮೆ ಆರಿಹೋಗಿದೆ. ಉಳಿದಿರುವಾಗಲೇ ಹೋಗಿ ಕೂರಬೇಕು. ಬಡಿದಾದ ಮೇಲೆ ಮತ್ತೊಮ್ಮೆ ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ರಾತ್ರಿಯಿಡೀ ಹೂತಿಡಿ. ನಿಧಾನ ಆರಿದ ಕಬ್ಬಿಣ ಮೆತ್ತಗಾಗಿ ಅರಕ್ಕೆ ಬಗ್ಗುತ್ತೆ.

ಆಕಾರ ಕೊಡುವುದು

ರಟ್ಟಿನಲ್ಲಿ ಅಚ್ಚು ಕತ್ತರಿಸಿ ಪಟ್ಟಿಯ ಮೇಲೆ ಗೆರೆ ಎಳೆಯಿರಿ. ಹ್ಯಾಕ್ಸಾ, ಅರ, ಮೇಜಿಗೆ ಬಿಗಿದ ವೈಸ್ ಇಷ್ಟಿದ್ದರೆ ಆಯ್ತು. ಯಂತ್ರ ಬೇಕೇ ಬೇಕು ಅಂತಿಲ್ಲ. ಹಿಡಿಯ ತೂತುಗಳನ್ನು ಈಗಲೇ ಕೊರೆಯಿರಿ, ಹದ ಹಾಕಿದ ಮೇಲೆ ಡ್ರಿಲ್ ಇಳಿಯೋಲ್ಲ. ಬಾಯನ್ನು ಪೂರ್ತಿ ಚೂಪು ಮಾಡದೆ ಸುಮಾರು 1 ಮಿ.ಮೀ. ದಪ್ಪ ಉಳಿಸಿ. ತೀರಾ ತೆಳುವಾದರೆ ಅದ್ದುವಾಗ ಸೊಟ್ಟಗಾಗುತ್ತೆ, ಸೀಳಲೂಬಹುದು.

ಹದ ಹಾಕುವುದು

1. ಮುಚ್ಚಳವಿರುವ ಉದ್ದನೆಯ ಕಬ್ಬಿಣದ ಡಬ್ಬಿಯಲ್ಲಿ ಅಡುಗೆ ಎಣ್ಣೆ ಹಾಕಿ, 50ರಿಂದ 60 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ. ಈ ಉಕ್ಕನ್ನು ತಣ್ಣೀರಿಗೆ ಅದ್ದಿದರೆ ಬಿರುಕು ಬಿಡುವ ಭಯ ಜಾಸ್ತಿ.

2. ನೆರಳಿನಲ್ಲಿ ಕೆಲಸ ಮಾಡಿ. ಬಿಸಿಲಲ್ಲಿ ಕೆಂಪು ಕಾಣೋಲ್ಲ, ಮೊಬೈಲ್ ಕ್ಯಾಮೆರಾದಲ್ಲಿ ಕಾಣುವ ಬಣ್ಣವೂ ನಿಜವಲ್ಲ. ಹಳೇ ಸ್ಪೀಕರ್‌ನ ಅಯಸ್ಕಾಂತ ಇಟ್ಟುಕೊಳ್ಳಿ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟೋದು ನಿಲ್ಲುತ್ತೆ. ಅಲ್ಲಿಂದ ಇನ್ನೊಂದು ಛಾಯೆ ಮಾತ್ರ ಹೆಚ್ಚು ಕಾಯಿಸಿ.

3. ತುದಿ ಕೆಳಗೆ ಮಾಡಿ ನೇರವಾಗಿ ಎಣ್ಣೆಗೆ ಇಳಿಸಿ. ಅತ್ತಿತ್ತ ಅಲ್ಲಾಡಿಸಬೇಡಿ. ಬೆಂಕಿ ಹತ್ತಿದರೆ ಕತ್ತಿ ತೆಗೆದು ಮುಚ್ಚಳ ಹಾಕಿ. ನೀರು ಮಾತ್ರ ಸುರಿಯಲೇಬಾರದು.

4. ತಣ್ಣಗಾದ ಮೇಲೆ ಅರ ಎಳೆದು ನೋಡಿ. ಕಚ್ಚದೆ ಗಾಜಿನ ಮೇಲಿನಂತೆ ಜಾರಿದರೆ ಹದ ಹಿಡಿದಿದೆ.

ಹದ ಇಳಿಸುವುದು

ಈಗ ಕತ್ತಿ ಗಾಜಿನಷ್ಟೇ ಪೆಡಸು. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡಾಗಬಹುದು. ತಡಮಾಡದೆ ಓಟಿಜಿ ಓವನ್‌ನಲ್ಲಿ 200 ಡಿಗ್ರಿಗೆ 2 ಗಂಟೆ ಇಟ್ಟು, ಆರಿಸಿ, ಮತ್ತೆ 2 ಗಂಟೆ ಇಡಿ. ಮೈಕ್ರೋವೇವ್ ಅಲ್ಲ! ಉಜ್ಜಿ ಬೆಳ್ಳಗೆ ಮಾಡಿಟ್ಟ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಸರಿ. ಪೆಟ್ಟು ತಡೆಯಬೇಕಾದ ಮಚ್ಚಿಗೆ 250 ಡಿಗ್ರಿ ಬೇಕಾಗುತ್ತೆ. ಆಮೇಲೆ ಗ್ರೈಂಡರ್‌ಗೆ ಹಿಡಿದರೆ ಮತ್ತೆ ಮತ್ತೆ ನೀರಿಗೆ ಅದ್ದುತ್ತಿರಿ. ಬಾಯಿ ನೀಲಿಗೆ ತಿರುಗಿದರೆ ಅಷ್ಟು ಜಾಗದ ಹದ ಹೋದಂತೆ.

ಜಾಲಿ ಅಥವಾ ಹಲಸಿನ ಮರದ ಹಿಡಿಗೆ ಹಿತ್ತಾಳೆ ಕಡ್ಡಿ, ಎಪಾಕ್ಸಿ ಅಂಟು ಹಾಕಿ ಕೂರಿಸಿ. ಸಾಣೆ ಕಡೆಯ ಕೆಲಸ.

ಮರೆಯಬೇಡಿ

ಹತ್ತಿ ಬಟ್ಟೆ, ಮುಚ್ಚಿದ ಶೂ, ಕನ್ನಡಕ, ಮಾಸ್ಕ್ ಇಲ್ಲದೆ ಶುರು ಮಾಡಬೇಡಿ. ಡ್ರಿಲ್ ತಿರುಗುವಾಗ ಗ್ಲೌಸ್ ಬೇಡ, ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತೆ. ಮನೆ ಮತ್ತು ಕೃಷಿ ಕೆಲಸದ ಕತ್ತಿಗೆ ಶಸ್ತ್ರಾಸ್ತ್ರ ನಿಯಮದಲ್ಲಿ ವಿನಾಯಿತಿ ಇದೆ. ಆದರೆ ಅಂಥ ಉಪಯೋಗಕ್ಕಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತೆ. ಹಾಗಾಗಿ ಶೋಕಿಗೆ ಲಾಂಗು ಮಾಡಿ ಸ್ಟೇಟಸ್ ಹಾಕೋ ಕೆಲಸ ಬೇಡ.

ಮೊದಲ ಕತ್ತಿಯನ್ನು ಒಂದು ತಿಂಗಳು ಹೊಲದಲ್ಲಿ ಬಳಸಿ ನೋಡಿ. ಬಾಯಿ ಮಡಚಿಕೊಂಡರೆ ಹದ ಕಡಿಮೆ, ಚೂರು ಎದ್ದರೆ ಹೆಚ್ಚು. ಆ ಗುರುತು ಬರೆದಿಟ್ಟುಕೊಂಡು ಎರಡನೆಯದಕ್ಕೆ ಓವನ್ ಕಾವು ಹತ್ತು-ಇಪ್ಪತ್ತು ಡಿಗ್ರಿ ಬದಲಿಸಿ: ಮಡಚಿದ್ದಕ್ಕೆ ಇಳಿಸಿ, ಚೂರೆದ್ದಿದ್ದಕ್ಕೆ ಏರಿಸಿ.