ಅಂಗಳದಲ್ಲಿ ಲಾರಿಯ ಹೌಸಿಂಗ್ ಬಿಚ್ಚಿದಾಗ

“ಹೆಂಗಸರ ಪತ್ರಿಕೆಯಲ್ಲಿ ಲಾರಿ ರಿಪೇರಿಯೇ?” ಅಂತ ಮೂಗಿನ ಮೇಲೆ ಬೆರಳಿಡಬೇಡಿ. ಒಂದೇ ಒಂದು ಲಾರಿಯನ್ನು ನಂಬಿ ನಡೆಯುವ ಸಂಸಾರಗಳು ನಮ್ಮ ಸಣ್ಣ ಊರುಗಳಲ್ಲಿ ಎಷ್ಟಿಲ್ಲ? ಯಜಮಾನರೇ ಮಾಲೀಕರು, ಅವರೇ ಡ್ರೈವರು. ಲಾರಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಹೀಗಾಗಿ ಹಿಂದಿನ ಹೌಸಿಂಗ್ ಸದ್ದು ಮಾಡತೊಡಗಿತೆಂದರೆ, ಖರ್ಚು ಉಳಿಸಲು ಮನೆಯ ಅಂಗಳದಲ್ಲೇ ಬಿಚ್ಚುವುದುಂಟು. ಆಗ ಕಾಫಿ ಕೊಟ್ಟು ಒಳಗೆ ಬರುವುದಷ್ಟೇ ನಮ್ಮ ಕೆಲಸವೇ? ಅಲ್ಲವೇ ಅಲ್ಲ. ದುಡ್ಡಿನ ಲೆಕ್ಕ ಇಡುವವಳಿಗೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದೂ ತಿಳಿದಿರಬೇಕು.

ಒಳಗೆ ಏನಿದೆ?

ಎತ್ತಿನ ಗಾಡಿಯನ್ನು ನೆನೆಸಿಕೊಳ್ಳಿ. ಅಚ್ಚು ಸುಮ್ಮನಿರುತ್ತದೆ, ಗಾಲಿಗಳು ತಮ್ಮ ಪಾಡಿಗೆ ತಿರುಗುತ್ತವೆ. ತಿರುವಿನಲ್ಲಿ ಒಳಗಾಲಿ ನಿಧಾನ, ಹೊರಗಾಲಿ ಬೇಗ. ಯಾವ ರಗಳೆಯೂ ಇಲ್ಲ. ಲಾರಿಯಲ್ಲಿ ಹಾಗಲ್ಲ, ಅಚ್ಚೇ ಗಾಲಿಯನ್ನು ತಿರುಗಿಸಬೇಕು. ಎರಡು ಬದಿಯ ಗಾಲಿಗಳ ನಡುವೆ 6 ಅಡಿ ಅಂತರವಿದ್ದರೆ, ಬೀದಿಯ ಒಂದು ಮೂಲೆ ತಿರುಗುವಷ್ಟರಲ್ಲಿ ಹೊರಗಾಲಿ 9 ಅಡಿಗೂ ಹೆಚ್ಚು ದೂರ ಓಡಬೇಕಾಗುತ್ತದೆ. ಎರಡಕ್ಕೂ ಒಂದೇ ಸರಳು ಹಾಕಿದರೆ ಟೈರು ಉಜ್ಜಿ ಸವೆಯುತ್ತದೆ, ಸರಳು ಮುರಿದರೂ ಮುರಿದೀತು. ಈ ತೊಡಕನ್ನು ಬಿಡಿಸುವುದೇ ಡಿಫರೆನ್ಷಿಯಲ್. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ ಇದನ್ನು ಉಗಿ ಗಾಡಿಗಾಗಿ ರೂಪಿಸಿದ.

ಎಂಜಿನ್ನಿನ ಬಲ ಉದ್ದನೆಯ ಶಾಫ್ಟಿನ ಮೂಲಕ ಹಿಂದಕ್ಕೆ ಬಂದು ಸಣ್ಣ ಪಿನಿಯನ್ನನ್ನು ತಿರುಗಿಸುತ್ತದೆ. ಅದು ದೊಡ್ಡ ಬಳೆಯಂಥ ಕ್ರೌನನ್ನು ತಿರುಗಿಸುತ್ತದೆ. ಕ್ರೌನಿನ ಜೊತೆ ಸುತ್ತುವ ಪುಟ್ಟ ಹಲ್ಲುಚಕ್ರಗಳು ಎಡಕ್ಕೂ ಬಲಕ್ಕೂ ಬಲವನ್ನು ಹಂಚುತ್ತವೆ.

ಸದ್ದು ಏನು ಹೇಳುತ್ತದೆ?

ಕುಕ್ಕರಿನ ಸೀಟಿಯಲ್ಲೇ ಬೇಳೆ ಬೆಂದಿದ್ದು ತಿಳಿಯುವ ನಮಗೆ ಇದು ಕಷ್ಟವಲ್ಲ. ಎಂಜಿನ್ ಎಳೆಯುವಾಗ ಕೊಯ್ಯೆಂದು ಕೂಗಿ, ಆಕ್ಸಿಲರೇಟರ್ ಬಿಟ್ಟೊಡನೆ ಸದ್ದು ಬದಲಾದರೆ ಅನುಮಾನ ಕ್ರೌನ್-ಪಿನಿಯನ್ ಮೇಲೆ. ಸದಾ ಗುರ್ ಅನ್ನುತ್ತಿದ್ದರೆ ಬೇರಿಂಗಿನ ಮೇಲೆ. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಪುಟ್ಟ ಚಕ್ರಗಳ ಮೇಲೆ. ಇಳಿಸಿದ ಎಣ್ಣೆಯನ್ನೂ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಕಬ್ಬಿಣದ ಚೂರುಗಳು ಕಂಡರೆ ಹಲ್ಲೋ ಬೇರಿಂಗೋ ಮುರಿದಿದೆ.

ಮೊದಲು ಜೀವ, ಆಮೇಲೆ ಲಾರಿ

ಲೋಡು ಇಳಿಸಿ, ಸಮತಟ್ಟಾದ ಗಟ್ಟಿ ನೆಲದಲ್ಲೇ ಲಾರಿ ನಿಲ್ಲಿಸಬೇಕು. ಹೆಚ್ಚಿನ ದೊಡ್ಡ ಲಾರಿಗಳಲ್ಲಿ ಗಾಲಿ ಬಿಚ್ಚದೆಯೇ ಆಕ್ಸಲ್ ಶಾಫ್ಟನ್ನು ಹೊರಗೆಳೆಯಬಹುದು. ಆದರೆ ಇಲ್ಲೊಂದು ಅಪಾಯ ಅಡಗಿದೆ. ಶಾಫ್ಟ್ ಹೊರಬಂತೆಂದರೆ ಎಂಜಿನ್ನಿಗೂ ಗಾಲಿಗೂ ಸಂಬಂಧ ಕಡಿದ ಹಾಗೆ. “ಗೇರಿನಲ್ಲಿ ಹಾಕಿದ್ದೀನಿ, ಎಲ್ಲಿಗೆ ಹೋಗುತ್ತೆ?” ಅನ್ನುವ ಮಾತು ಆಮೇಲೆ ನಡೆಯದು. ಗಾಲಿಗಳ ಹಿಂದೆ ಮುಂದೆ ಗಟ್ಟಿ ಮರದ ತುಂಡು ಕೊಟ್ಟಿದ್ದಾರೆಯೇ ಅಂತ ನೀವೇ ಒಮ್ಮೆ ನೋಡಿ. ಎತ್ತಿ ನಿಲ್ಲಿಸಿದ್ದರೆ ಬರೀ ಜಾಕನ್ನು ನಂಬಿ ಯಾರೂ ಕೆಳಗೆ ಹೋಗಕೂಡದು, ಕೆಳಗೆ ಗಟ್ಟಿ ಸ್ಟ್ಯಾಂಡು ಇರಲೇಬೇಕು. ಹಲ್ಲುಚಕ್ರಗಳ ಆ ಗುಂಡು ಒಬ್ಬಿಬ್ಬರ ಕೈಗೆ ನಿಲ್ಲುವ ಭಾರವಲ್ಲ. ಅದಕ್ಕೆ ಚೈನ್ ಬ್ಲಾಕ್ ಅಥವಾ ಟ್ರಾಲಿ ಜಾಕ್ ಬೇಕು. ಮಕ್ಕಳು ಅತ್ತ ಸುಳಿಯದಿರಲಿ.

ತೊಳೆಯಲು ಪೆಟ್ರೋಲ್ ಬೇಡವೇ ಬೇಡ. ಸೀಮೆಎಣ್ಣೆ, ಡೀಸೆಲ್ ಬಳಸುವಾಗಲೂ ಬೀಡಿ, ಒಲೆ, ದೀಪ ದೂರವಿರಲಿ. ಬೇರಿಂಗ್ ಬಿಸಿ ಮಾಡಲು ಅಡುಗೆಮನೆಯ ಒಲೆ ಕೇಳಿದರೆ ಖಡಾಖಂಡಿತ ಇಲ್ಲ ಅನ್ನಿ.

ಬೀಸುವ ಕಲ್ಲಿನ ಪಾಠ

ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ಬದಲಿಸಿ ಬೇರೆ ಮನೆಯದನ್ನು ಇಟ್ಟರೆ ಹಿಟ್ಟು ನುಣ್ಣಗಾಗುತ್ತದೆಯೇ? ಕ್ರೌನ್ ಮತ್ತು ಪಿನಿಯನ್ ಕೂಡ ಹಾಗೆಯೇ. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ, ಎರಡರ ಮೇಲೂ ಜೋಡಿ ಸಂಖ್ಯೆ ಕೆತ್ತಿರುತ್ತಾರೆ. “ಪಿನಿಯನ್ ಒಂದನ್ನೇ ಬದಲಿಸಿದರೆ ಅಗ್ಗ” ಎಂಬ ಸಲಹೆ ಕೇಳಿ ಮಾರುಹೋಗಬೇಡಿ. ಕೊಳ್ಳುವುದಾದರೆ ಜೋಡಿಯೇ ಕೊಳ್ಳಬೇಕು.

ಬೇರಿಂಗಿನ ಕ್ಯಾಪುಗಳು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಬಿಚ್ಚುವ ಮುನ್ನವೇ ಗುರುತು ಹಾಕಬೇಕು. ಬೋಲ್ಟು, ತೆಳ್ಳನೆಯ ಶಿಮ್ಮುಗಳನ್ನು ಕಳಚಿದ ಕ್ರಮದಲ್ಲೇ ಹಳೆಯ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿ. ಮಸಾಲೆ ಡಬ್ಬಿ ಜೋಡಿಸುವ ಕೈಗೆ ಇದು ಬಂದೇ ಬರುತ್ತದೆ. ಆದರೆ ಆ ಡಬ್ಬಿಗಳು ಮತ್ತೆ ಅಡುಗೆಮನೆಗೆ ಬೇಡ!

ಕೈಯಂದಾಜು ಸಲ್ಲದ ಜಾಗ

ಉಪ್ಪು ಹಾಕಲು ಕೈಯಂದಾಜು ಸಾಕು, ಇಲ್ಲಿ ಸಾಲದು. ಕ್ರೌನಿನ ಹಲ್ಲಿಗೂ ಪಿನಿಯನ್ ಹಲ್ಲಿಗೂ ನಡುವೆ ಒಂದಿಷ್ಟು ಸಡಿಲವಿರಬೇಕು. ಅದನ್ನು ಅಳೆಯುವುದು ಮಿಲಿಮೀಟರಿನ ಹತ್ತನೇ ಭಾಗಗಳಲ್ಲಿ, ಡಯಲ್ ಗೇಜಿನಿಂದ. ಸರಿಯಾದ ಅಂಕಿ ಆಯಾ ಲಾರಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಬೇರಿಂಗಿನ ಬಿಗಿಗೂ ಹಾಗೆಯೇ ಲೆಕ್ಕವುಂಟು. ಆಮೇಲೆ ಹಲ್ಲುಗಳಿಗೆ ತೆಳುವಾಗಿ ಬಣ್ಣ ಸವರಿ ತಿರುಗಿಸುತ್ತಾರೆ. ಗುರುತು ಹಲ್ಲಿನ ನಡುಭಾಗದಲ್ಲಿ ಬಿದ್ದರೆ ಸರಿ. ಅಂಚಿನಲ್ಲಿ ಬಿದ್ದರೆ ಶಿಮ್ಮು ಬದಲಿಸಿ ಮತ್ತೆ ಕೂರಿಸಬೇಕು.

ಬಿಚ್ಚುವುದು, ತೊಳೆಯುವುದು, ಸೀಲು ಬದಲಿಸುವುದು ಅಂಗಳದಲ್ಲಾಗಲಿ. ಆದರೆ ಗೇಜು, ಪುಸ್ತಕ, ಪಳಗಿದ ಕೈ ಈ ಮೂರೂ ಇಲ್ಲದಿದ್ದರೆ, ಅಳತೆ ಕೂರಿಸುವ ಕೆಲಸವನ್ನು ಬಲ್ಲ ಫಿಟ್ಟರಿಗೇ ಒಪ್ಪಿಸಿ. ಆ ಒಂದು ದಿನದ ಕೂಲಿ ಉಳಿಸಲು ಹೋದರೆ ಹೊಸ ಜೋಡಿಯೇ ಹಾಳಾದೀತು.

ಕೊನೆಗೆ ಎಣ್ಣೆಯ ಮಾತು

“ಇದು ಕೆಟ್ಟಿದ್ದು ಯಾಕೆ?” ಎಂದು ತಪ್ಪದೆ ಕೇಳಿ. ಉತ್ತರ ಎಷ್ಟೋ ಸಲ ಎಣ್ಣೆಯಲ್ಲೇ ಇರುತ್ತದೆ. ಹೌಸಿಂಗಿನ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಪುಟ್ಟ ದಾರಿಯಿದೆ. ಅದು ಕೆಸರು ಮೆತ್ತಿ ಮುಚ್ಚಿದರೆ, ಒಳಗಿನ ಒತ್ತಡಕ್ಕೆ ಸೀಲು ದಾಟಿ ಎಣ್ಣೆ ಹೊರಬರುತ್ತದೆ. ಹಲ್ಲು ಒಣಗುವುದು ಒಂದು ನಷ್ಟ. ಆ ಎಣ್ಣೆ ಬ್ರೇಕ್ ಲೈನರ್ ಮೇಲೆ ಹರಿದರಂತೂ, ತುಂಬಿದ ಲೋಡಿನಲ್ಲಿ ಘಾಟಿ ಇಳಿಯುವಾಗ ಬ್ರೇಕು ಹಿಡಿಯದೆ ಹೋದೀತು. ಹತ್ತು ನಿಮಿಷ ಬ್ರೀದರ್ ತೊಳೆಯುವುದು ದೊಡ್ಡ ಕೆಲಸವೇ?

ಪುಸ್ತಕ ಹೇಳಿದ ದರ್ಜೆಯ ಗೇರ್ ಎಣ್ಣೆಯನ್ನೇ ಹಾಕಿಸಿ. ತೆಗೆದ ಎಣ್ಣೆಯನ್ನು ಚರಂಡಿಗಾಗಲಿ ಹಿತ್ತಲಿಗಾಗಲಿ ಸುರಿಯದೆ, ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ. ಮೊದಲ ಓಟ ಖಾಲಿ ಲಾರಿಯಲ್ಲೇ, ನಿಧಾನವಾಗಿ ನಡೆಯಲಿ.

ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಲಾರಿ ಮೆಕ್ಯಾನಿಕ್ ಎಂದು ಹೆಸರಾದ ಶಾಂತಿ ದೇವಿಯವರು ಸ್ಪ್ಯಾನರನ್ನೇ ಹಿಡಿದು ತೋರಿಸಿದರು. ನಾವೆಲ್ಲ ಅಷ್ಟು ಮಾಡದಿದ್ದರೂ ಒಂದು ನೋಟುಪುಸ್ತಕವನ್ನಾದರೂ ಹಿಡಿಯೋಣ. ಎಣ್ಣೆ ಬದಲಿಸಿದ ದಿನ, ಓಡಿದ ಕಿಲೋಮೀಟರು, ಹಾಕಿದ ಸಾಮಾನು, ಜೋಡಿಯ ಸಂಖ್ಯೆ ಎಲ್ಲವನ್ನೂ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಮುಂದಿನ ಸಲ ಸದ್ದು ಬಂದಾಗ ಯಜಮಾನರು ಮೊದಲು ಕೇಳುವುದು ಆ ಪುಸ್ತಕವನ್ನೇ!