ಭಾರ ಹೊರುವುದು ಗಾಳಿ: ಹಳೆಯ ಯಾತ್ರಾವ್ಯಾನಿಗೆ ಚಕ್ರ ಮತ್ತು ಟೈರುಗಳ ಆಯ್ಕೆ

ಚನ್ನಗಿರಿಯ ತೋಟಗಳಲ್ಲಿ ಅಡಿಕೆಯ ಕೊಯಿಲು ಮುಗಿದು, ಹೊನ್ನಾಳಿ ನ್ಯಾಮತಿಗಳ ಕಣಗಳಿಂದ ಮೆಕ್ಕೆಜೋಳದ ರಾಶಿ ಮಾರುಕಟ್ಟೆ ಸೇರಿ, ಜಗಳೂರಿನ ಬಯಲಿನಲ್ಲಿ ಶೇಂಗಾದ ಹೊಲಗಳು ಬರಿದಾದ ಮೇಲೆ, ಈ ನಾಲ್ಕು ತಾಲ್ಲೂಕುಗಳ ಒಕ್ಕಲು ಕುಟುಂಬಗಳಿಗೆ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ತಿರುಪತಿಗೋ ಹೊರಡುವ ಬಿಡುವು ಒದಗುತ್ತದೆ. ಹಾಗೆ ಹೊರಟವರನ್ನು ಹೊತ್ತೊಯ್ಯುವ ವಾಹನವು ಬಹುಮಟ್ಟಿಗೆ ಹತ್ತಾರು ವರ್ಷ ದುಡಿದು ಕೈಯಿಂದ ಕೈಗೆ ಬಂದ ಟೆಂಪೊ ಟ್ರಾವೆಲರ್ ವ್ಯಾನಾಗಿರುತ್ತದೆ. ಅದರ ಹಿಂದಿನ ತಲೆಮಾರಿನವರಿಗೆ ಇದೇ ಸೇವೆಯನ್ನು ಸಲ್ಲಿಸಿದ್ದು ಮೆಟಡೋರ್. ಪುಣೆಯ ಬಜಾಜ್ ಟೆಂಪೊ ಸಂಸ್ಥೆಯು ಜರ್ಮನ್ ಮಾದರಿಗಳನ್ನು ಅನುಸರಿಸಿ ಮೆಟಡೋರನ್ನು 1969ರಲ್ಲಿಯೂ ಟ್ರಾವೆಲರನ್ನು 1987ರಲ್ಲಿಯೂ ನಮ್ಮ ರಸ್ತೆಗಳಿಗೆ ತಂದಿತು. ಹಿಂಬದಿಯ ಎರಡು ಸಾಲು ಸೀಟುಗಳನ್ನು ಬಿಚ್ಚಿ ಹಲಗೆಯ ಮಂಚವನ್ನು ಕೂರಿಸಿ, ಅದರಡಿಯಲ್ಲಿ ಅಕ್ಕಿಯ ಚೀಲ, ಪಾತ್ರೆಪಡಗ, ನೀರಿನ ಕ್ಯಾನುಗಳನ್ನು ಜೋಡಿಸಿ, ಮೂಲೆಯಲ್ಲಿ ಗ್ಯಾಸ್ ಸಿಲಿಂಡರನ್ನು ಕಟ್ಟಿ, ತಲೆಯ ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆಗಳನ್ನು ಬಿಗಿದುಬಿಟ್ಟರೆ, ಪರದೇಶಗಳಲ್ಲಿ ಕ್ಯಾಂಪರ್ ವ್ಯಾನೆಂದು ಕರೆಯಲ್ಪಡುವ ಸಂಚಾರಿ ಗೃಹವು ನಮ್ಮಲ್ಲಿಯೂ ಸಿದ್ಧವಾದಂತೆಯೇ ಸರಿ.

ಇಂತಹ ವ್ಯಾನಿನ ಯಜಮಾನನು ಅದರ ಬಣ್ಣಕ್ಕೂ ಸೀಟಿನ ಕವರಿಗೂ ಹಾಡಿನ ಪೆಟ್ಟಿಗೆಗೂ ಧಾರಾಳವಾಗಿ ಹಣವನ್ನು ಸುರಿದು, ಟೈರು ಬದಲಿಸುವ ದಿನ ಮಾತ್ರ ಅಂಗಡಿಯವನನ್ನು ಕೇಳುವ ಪ್ರಶ್ನೆಗಳು ಎರಡೇ: ಸೈಜು ಕೂರುತ್ತದೆಯೇ, ರೇಟು ಎಷ್ಟು? ಈ ಎರಡು ಪ್ರಶ್ನೆಗಳಿಗೂ ಮೊದಲು ಕೇಳತಕ್ಕ ಮೂರನೆಯ ಪ್ರಶ್ನೆಯೊಂದುಂಟು. ಈ ಬಂಡಿಯ ತೂಕವೆಷ್ಟು ಎಂಬುದೇ ಆ ಪ್ರಶ್ನೆ. ಅದನ್ನು ಕೇಳಬೇಕಾದ ಕಾರಣವನ್ನು ಗ್ರಹಿಸುವುದಕ್ಕೆ ಟೈರು ಎಂಬ ವಸ್ತುವಿನ ಸ್ವಭಾವವನ್ನು ಕೊಂಚ ವಿಚಾರಿಸಬೇಕಾಗುತ್ತದೆ.

ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು 1845ರಲ್ಲಿಯೇ ಗಾಳಿ ತುಂಬಿದ ಚಕ್ರವೊಂದನ್ನು ಕಲ್ಪಿಸಿ ಹಕ್ಕುಪತ್ರ ಪಡೆದಿದ್ದನಾದರೂ ಲೋಕವು ಅದನ್ನು ಮರೆತುಬಿಟ್ಟಿತು. ಬೆಲ್ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದದ್ದು 1888ರಲ್ಲಿ. ಅಂದಿನಿಂದ ಇಂದಿನವರೆಗೆ ಟೈರಿನ ಮೂಲತತ್ತ್ವವು ಬದಲಾಗಿಲ್ಲ. ವಾಹನದ ಭಾರವನ್ನು ಹೊರುವುದು ರಬ್ಬರೆಂದು ನಾವು ಭಾವಿಸುತ್ತೇವಾದರೂ, ವಾಸ್ತವದಲ್ಲಿ ಆ ಭಾರದ ಬಹುಪಾಲನ್ನು ಹೊರುವುದು ಒಳಗೆ ಒತ್ತಿ ತುಂಬಿದ ಗಾಳಿ. ರಬ್ಬರೂ ಅದರೊಳಗಣ ನೂಲು ಮತ್ತು ಉಕ್ಕಿನ ತಂತಿಗಳೂ ಆ ಗಾಳಿಯನ್ನು ಹಿಡಿದಿಡುವ ಪಾತ್ರೆ ಮಾತ್ರ. ಒಂದು ಚಕ್ರದ ಮೇಲೆ 800 ಕಿಲೊಗ್ರಾಂ ಭಾರವಿದ್ದು ಒಳಗಿನ ಗಾಳಿಯು 50 ಪೌಂಡಿನ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೊಗ್ರಾಮಿನ, ಒತ್ತಡದಲ್ಲಿದ್ದರೆ, ನೆಲವನ್ನು ಮುಟ್ಟುವ ಭಾಗವು ಹೆಚ್ಚುಕಡಿಮೆ 230 ಚದರ ಸೆಂಟಿಮೀಟರಿನಷ್ಟು ಇರುತ್ತದೆ. ಹದಿನೈದು ಸೆಂಟಿಮೀಟರು ಉದ್ದ, ಅಷ್ಟೇ ಅಗಲದ ಇಂತಹ ನಾಲ್ಕು ತುಂಡುಗಳನ್ನು ನಂಬಿ ನಾವು ಹೆಂಡಿರು ಮಕ್ಕಳೊಡನೆ ಆಗುಂಬೆಯ ಘಟ್ಟವನ್ನು ಇಳಿಯುತ್ತೇವೆ.

ಗಾಳಿ ಕಡಿಮೆಯಾದರೆ ಈ ತುಂಡು ಹಿರಿದಾಗುತ್ತದೆ, ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ. ರಬ್ಬರಿನ ಒಂದು ಗುಣವೇನೆಂದರೆ, ಬಾಗುವಾಗ ಅದು ಪಡೆದ ಶಕ್ತಿಯನ್ನು ನೆಟ್ಟಗಾಗುವಾಗ ಪೂರ್ತಿಯಾಗಿ ಹಿಂತಿರುಗಿಸದೆ, ಅದರಲ್ಲೊಂದು ಅಂಶವನ್ನು ಶಾಖವಾಗಿ ತನ್ನಲ್ಲಿಯೇ ಉಳಿಸಿಕೊಳ್ಳುತ್ತದೆ. ಅರವತ್ತೈದು ಸೆಂಟಿಮೀಟರು ವ್ಯಾಸದ ಟೈರು ಒಂದು ಕಿಲೊಮೀಟರಿಗೆ ಸುಮಾರು 490 ಸುತ್ತು ಸುತ್ತುತ್ತದೆ. ಇನ್ನೂರು ಕಿಲೊಮೀಟರಿನ ಪಯಣದಲ್ಲಿ ಅದರ ಪಕ್ಕೆಯ ಪ್ರತಿಯೊಂದು ಬಿಂದುವೂ ಹತ್ತಿರ ಹತ್ತಿರ ಒಂದು ಲಕ್ಷ ಸಲ ಬಾಗಿ ನೆಟ್ಟಗಾಗುತ್ತದೆ. ಜಗಳೂರಿನಿಂದ ಉತ್ತರಕ್ಕೆ ಬೇಸಗೆಯ ನಡುಹಗಲಿನಲ್ಲಿ, ಟಾರು ಕಾದು ಮೆತ್ತಗಾದ ರಸ್ತೆಯ ಮೇಲೆ, ಗಾಳಿ ಕಡಿಮೆಯಾಗಿ ಹೊರೆ ಹೆಚ್ಚಾದ ಟೈರು ಹೀಗೆ ಉರುಳುತ್ತಿದ್ದರೆ, ಒಳಗಿನ ಶಾಖವು ಹೊರಗೆ ಹೋಗುವ ದಾರಿ ಕಾಣದೆ ಏರುತ್ತ ಏರುತ್ತ, ರಬ್ಬರಿಗೂ ಉಕ್ಕಿನ ಪಟ್ಟಿಗೂ ನಡುವಣ ಅಂಟು ಸಡಿಲಿ, ಹೊರಮೈಯೇ ಕಿತ್ತುಕೊಂಡು ಹೋಗುವುದುಂಟು. ಟೈರು ‘ಬರ್ಸ್ಟ್’ ಆಯಿತೆಂದು ಜನರಾಡುವ ಅನೇಕ ಅಪಘಾತಗಳ ಹಿಂದಿರುವ ಕಥೆ ಇದು.

ಆದುದರಿಂದ ಮೊದಲ ಕೆಲಸ ತೂಕ. ಅದಕ್ಕೆ ನಮ್ಮ ಸೀಮೆಯಲ್ಲಿ ಅನುಕೂಲದ ಕೊರತೆಯಿಲ್ಲ. ಮೆಕ್ಕೆಜೋಳ, ಅಡಿಕೆ, ಜಲ್ಲಿಯ ಲಾರಿಗಳನ್ನು ತೂಗುವ ವೇಬ್ರಿಡ್ಜಿನವರು ಅಲ್ಪ ಹಣಕ್ಕೆ ವ್ಯಾನನ್ನೂ ತೂಗಿಕೊಡುತ್ತಾರೆ. ತೂಗಿಸುವಾಗ ಬರಿಯ ವ್ಯಾನನ್ನು ಒಯ್ಯದೆ, ಯಾತ್ರೆಗೆ ಹೊರಡುವ ದಿನದಂತೆಯೇ ನೀರು, ಸಿಲಿಂಡರು, ದಿನಸಿ, ಹಾಸಿಗೆ, ಜನ ಎಲ್ಲವನ್ನೂ ತುಂಬಿ ಒಯ್ಯಬೇಕು. ಒಂದು ಲೀಟರು ನೀರೆಂದರೆ ಒಂದು ಕಿಲೊಗ್ರಾಂ. ಮನೆಬಳಕೆಯ ತುಂಬಿದ ಸಿಲಿಂಡರೊಂದು ಸುಮಾರು ಮೂವತ್ತು. ಮೊದಲು ಇಡೀ ವಾಹನವನ್ನೂ, ಬಳಿಕ ಮುಂದಿನ ಎರಡು ಚಕ್ರಗಳನ್ನಷ್ಟೇ ಹಲಗೆಯ ಮೇಲೆ ನಿಲ್ಲಿಸಿ ಮುಂಭಾಗವನ್ನೂ, ಹಿಂದಿನವನ್ನು ನಿಲ್ಲಿಸಿ ಹಿಂಭಾಗವನ್ನೂ ಪ್ರತ್ಯೇಕವಾಗಿ ತೂಗಿಸಿದರೆ, ಭಾರವು ಎಲ್ಲಿ ಕುಳಿತಿದೆಯೆಂಬುದು ಚೀಟಿಯಲ್ಲಿ ಸ್ಪಷ್ಟವಾಗುತ್ತದೆ. ಹಿಂಭಾಗದ ಎರಡು ಚಕ್ರಗಳ ಮೇಲೆ 1500 ಕಿಲೊಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ಒಂದೊಂದಕ್ಕೆ 750 ಎಂದು ನಿಶ್ಚಿಂತರಾಗುವಂತಿಲ್ಲ. ನೀರಿನ ತೊಟ್ಟಿಯೂ ಸಿಲಿಂಡರೂ ಒಂದೇ ಪಕ್ಕದಲ್ಲಿದ್ದರೆ ಆ ಪಕ್ಕದ ಚಕ್ರಕ್ಕೆ ಹೆಚ್ಚಿನ ಪಾಲು ಬೀಳುತ್ತದೆ, ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಹೊರಗಿನ ಚಕ್ರಕ್ಕೆ ಇನ್ನಷ್ಟು.

ತೂಕದ ಚೀಟಿಯನ್ನು ಕೈಯಲ್ಲಿ ಹಿಡಿದು ಟೈರಿನ ಪಕ್ಕೆಯ ಬರಹವನ್ನು ಓದಿದರೆ, ಅಲ್ಲಿ ಅಚ್ಚಾದ ಅಂಕಿಗಳೆಲ್ಲ ಮಾತನಾಡತೊಡಗುತ್ತವೆ. ಉದಾಹರಣೆಗೆ ಅಂಗಡಿಯ ಗೋಡೆಗೆ ಒರಗಿಸಿದ ಎರಡು ಟೈರುಗಳನ್ನು ನೋಡಿ. ಒಂದರ ಮೇಲೆ 185/80 ಆರ್ 14, 91 ಟಿ ಎಂದಿದೆ. ಇನ್ನೊಂದರ ಮೇಲೆ 185 ಆರ್ 14 ಸಿ, 102/100 ಎಂದಿದೆ. ಎರಡರ ಅಗಲವೂ 185 ಮಿಲಿಮೀಟರು; ಎರಡೂ ಹದಿನಾಲ್ಕು ಇಂಚಿನ ಡಿಸ್ಕಿಗೆ, ಅಂದರೆ ಟೈರನ್ನು ತೊಡಿಸುವ ಲೋಹದ ಚಕ್ರಕ್ಕೆ, ಕೂರತಕ್ಕವು; ಎತ್ತರವೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಅವಳಿಗಳಂತೆ ಕಾಣುವ ಇವುಗಳಲ್ಲಿ ಮೊದಲನೆಯದು ಕಾರಿನ ಟೈರು; 91 ಎಂಬ ಭಾರಸೂಚಕಕ್ಕೆ 615 ಕಿಲೊಗ್ರಾಂ ಎಂದರ್ಥ. ಎರಡನೆಯದು ಸರಕುವಾಹನದ ಟೈರು. 102 ಎಂದರೆ ಒಂಟಿಯಾಗಿ ಹಾಕಿದಾಗ 850, ಹಿಂಭಾಗದಲ್ಲಿ ಜೋಡಿಯಾಗಿ ಹಾಕಿದಾಗ 100 ಎಂಬ ಸೂಚಕದಂತೆ ಒಂದೊಂದಕ್ಕೆ 800. ಮೇಲೆ ಹೇಳಿದ 750 ಕಿಲೊಗ್ರಾಮಿನ ಚಕ್ರಕ್ಕೆ ಮೊದಲನೆಯದನ್ನು ಹಾಕಿದವನು ಹೊರಡುವ ಮುನ್ನವೇ ಅದರ ಮೇಲೆ ನೂರಮೂವತ್ತೈದು ಕಿಲೊಗ್ರಾಮಿನ ಸಾಲವನ್ನು ಹೊರಿಸಿದಂತಾಯಿತು. ಆದರೂ ಅದು ಡಿಸ್ಕಿಗೆ ಸಲೀಸಾಗಿ ಕೂರುತ್ತದೆ, ಬೆಲೆಯೂ ಕಡಿಮೆ, ಅಪಾಯವಿರುವುದು ಅದರಲ್ಲಿಯೇ. ಸೂಚಕದ ಪಕ್ಕದ ಅಕ್ಷರವು ವೇಗದ ಮಿತಿಯನ್ನು ಹೇಳುತ್ತದೆ. ನಮ್ಮ ಯಾತ್ರಾವ್ಯಾನಿನ ವೇಗಕ್ಕೆ ಇಂತಹ ಟೈರುಗಳ ಮೇಲಿರುವ ಅಕ್ಷರ ಸಾಮಾನ್ಯವಾಗಿ ಸಾಕು. ಭಾರಸೂಚಕವನ್ನು ಮಾತ್ರ ವಾಹನದ ಕೈಪಿಡಿಯಲ್ಲಿ ಹೇಳಿದುದಕ್ಕಿಂತ ಎಂದಿಗೂ ಇಳಿಸತಕ್ಕದ್ದಲ್ಲ.

ಹಳೆಯ ಬಂಡಿಗಳಲ್ಲಿ ಅಂಕಿಗಳ ನಡುವೆ ‘ಆರ್’ ಎಂಬ ಅಕ್ಷರಕ್ಕೆ ಬದಲಾಗಿ 7.00-15 ಎಂಬಂತೆ ಅಡ್ಡಗೆರೆಯಿರುವುದುಂಟು. ಅದು ನಮ್ಮವರು ನೈಲಾನ್ ಟೈರೆಂದು ಕರೆಯುವ, ಒಳಗಿನ ನೂಲುಗಳು ಓರೆಯಾಗಿ ಹೆಣೆದುಕೊಂಡಿರುವ ಜಾತಿ. ‘ಆರ್’ ಎಂಬುದು ರೇಡಿಯಲ್ಲಿನ ಗುರುತು. ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯು 1946ರಲ್ಲಿ ಹಕ್ಕುಪತ್ರ ಪಡೆದ ಈ ರಚನೆಯಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ, ಅವುಗಳ ಮೇಲೆ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಯೋಗ್ಯವಾದವೇ. ಆದರೆ ತಿರುವಿನಲ್ಲಿ ಎರಡರ ವರ್ತನೆಯೂ ಭಿನ್ನವಾದುದರಿಂದ ಒಂದೇ ಆಕ್ಸಲಿಗೆ ಎರಡು ಜಾತಿಯನ್ನು ಬೆರೆಸುವುದು ಸರ್ವಥಾ ಸಲ್ಲದು. ನಾಲ್ಕೂ ಒಂದೇ ಜಾತಿಯವಾಗಿರುವುದೇ ಉತ್ತಮ.

ಇನ್ನು ವಯಸ್ಸಿನ ಮಾತು. ಪಕ್ಕೆಯ ಮೇಲೆ ‘ಡಾಟ್’ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ, ಸಣ್ಣದೊಂದು ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದೆಂದು ತಿಳಿಯತಕ್ಕದ್ದು. ದಿನವೂ ಓಡುವ ಬಾಡಿಗೆ ವ್ಯಾನಿನ ಟೈರು ವಯಸ್ಸಾಗುವ ಮೊದಲೇ ಸವೆದುಹೋಗುತ್ತದೆ. ವರ್ಷಕ್ಕೆರಡು ಸಲ ಯಾತ್ರೆಗೆ ಹೋಗಿ ಉಳಿದ ದಿನಗಳಲ್ಲಿ ಹುಣಿಸೆಮರದ ಕೆಳಗೆ ನಿಂತಿರುವ ಮನೆಯ ವ್ಯಾನಿನದು ಸವೆಯುವ ಮೊದಲೇ ಮುದಿಯಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕವೂ ಓಜೋನೂ ರಬ್ಬರನ್ನು ಸದಾ ತಿನ್ನುತ್ತಲೇ ಇರುತ್ತವೆ. ಅದನ್ನು ತಡೆಯಲೆಂದು ತಯಾರಕರು ರಬ್ಬರಿನಲ್ಲಿ ಬೆರೆಸಿರುವ ಮೇಣದಂತಹ ದ್ರವ್ಯಗಳು ಟೈರು ಉರುಳಿ ಬಾಗಿದಾಗಲೇ ಚೆನ್ನಾಗಿ ಮೇಲಕ್ಕೆ ಒಸರುವುದರಿಂದ, ನಿಂತೇ ಇರುವ ಟೈರಿಗೆ ಆ ರಕ್ಷೆಯೂ ಸಾಲದಾಗುತ್ತದೆ. ಪಕ್ಕೆಯನ್ನು ಬೆರಳಿನಿಂದ ಒತ್ತಿ ಅಗಲಿಸಿದಾಗ ಕೂದಲೆಳೆಯಂತಹ ಬಿರುಕುಗಳ ಜಾಲ ತೆರೆದುಕೊಂಡರೆ, ಹೊರಮೈಯ ಗೆರೆಗಳು ಎಷ್ಟೇ ಆಳವಾಗಿದ್ದರೂ ಆ ಟೈರಿನ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸುವುದು, ಹತ್ತು ತುಂಬಿದರೆ ನೋಟ ಚೆನ್ನಾಗಿದ್ದರೂ ತೆಗೆದುಬಿಡುವುದು, ಇದು ತಯಾರಕರೇ ಹೇಳುವ ಮಾತು. ಸ್ಟೆಪ್ನಿಗೂ ಇದೇ ನಿಯಮ. ಹದಿನೈದು ವರ್ಷ ಅಟ್ಟದ ಮೇಲಿದ್ದ ‘ಹೊಸ’ ಸ್ಟೆಪ್ನಿ ಹೊಸದಲ್ಲ. ಗೆರೆಯ ಆಳವು 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಮಿತಿ ಮುಟ್ಟಿದಂತೆ. ಆದರೆ ನ್ಯಾಮತಿಯಿಂದಾಚೆ ಮಲೆನಾಡಿನ ಮಳೆಯಲ್ಲಿ ರಸ್ತೆಯ ನೀರನ್ನು ಹೊರಚೆಲ್ಲುವುದು ಆ ಗೆರೆಗಳೇ ಆದುದರಿಂದ, ಮಿತಿಯವರೆಗೆ ಕಾಯುವುದು ವಿವೇಕವಲ್ಲ.

ಟೈರಿಗೆ ಇಷ್ಟು ಗಮನ ಕೊಟ್ಟವರೂ ಡಿಸ್ಕನ್ನು ಮರೆಯುವುದುಂಟು. ಗುಜರಿಯಲ್ಲಿ ಸಿಕ್ಕ ಡಿಸ್ಕಿನ ಬೋಲ್ಟುತೂತುಗಳು ಕೂಡಿಬಂದ ಮಾತ್ರಕ್ಕೆ ಅದು ನಮ್ಮ ವಾಹನದ್ದಾಗುವುದಿಲ್ಲ. ತೂತುಗಳ ಸಂಖ್ಯೆ, ಅವು ನಿಂತಿರುವ ವೃತ್ತದ ವ್ಯಾಸ, ನಡುವಣ ದೊಡ್ಡ ರಂಧ್ರ, ಡಿಸ್ಕಿನ ಅಗಲ, ಬೋಲ್ಟು ಕೂರುವ ಮುಖವು ಡಿಸ್ಕಿನ ಮಧ್ಯರೇಖೆಯಿಂದ ಎಷ್ಟು ಒಳಗೆ ಅಥವಾ ಹೊರಗಿದೆ ಎಂಬ ಅಳತೆ, ಇವೆಲ್ಲವೂ ಸರಿಹೊಂದಬೇಕು. ಮೇಲೆ ಹೇಳಿದ ಸರಕುಟೈರಿಗೆ ಸಲ್ಲುವ ಡಿಸ್ಕಿನ ಅಗಲ ಐದೂವರೆ ಇಂಚು. ಕೊನೆಯ ಅಳತೆ ತಪ್ಪಿ ಚಕ್ರ ಹೊರಚಾಚಿದರೆ ನೋಟಕ್ಕೆ ಠೀವಿ ಬಂದೀತು, ಬೇರಿಂಗಿನ ಮೇಲಿನ ಭಾರವೂ ಸ್ಟಿಯರಿಂಗಿನ ಎಳೆತವೂ ಜೊತೆಗೇ ಏರುತ್ತವೆ. ಹಳೆಯ ಉಕ್ಕಿನ ಡಿಸ್ಕಿನ ಬಣ್ಣವನ್ನು ತಂತಿಬ್ರಷ್ಷಿನಿಂದ ಕೆರೆಸಿ, ಬೋಲ್ಟುತೂತುಗಳ ಸುತ್ತ ಬಿರುಕಿದೆಯೇ, ತೂತು ಅಂಡಾಕಾರಕ್ಕೆ ಸವೆದಿದೆಯೇ, ಟೈರಿನ ಅಂಚು ಕೂರುವಲ್ಲಿ ತುಕ್ಕು ತಿಂದಿದೆಯೇ ಎಂದು ನೋಡಬೇಕು. ಬಿರುಕಿಗೆ ವೆಲ್ಡಿಂಗ್ ಹಾಕಿಸುವುದು ಆತ್ಮವಂಚನೆ. ಟ್ಯೂಬಿಗೆಂದು ಮಾಡಿದ ಹಳೆಯ ಡಿಸ್ಕಿನಲ್ಲಿ, ಟೈರಿನ ಅಂಚು ಒಳಕ್ಕೆ ಜಾರದಂತೆ ತಡೆಯುವ ಸಣ್ಣ ಉಬ್ಬು ಇರುವುದಿಲ್ಲವಾದುದರಿಂದ ಅದಕ್ಕೆ ಟ್ಯೂಬ್‌ಲೆಸ್ ಟೈರನ್ನು ಹಾಕುವುದು ಕ್ಷೇಮವಲ್ಲ. ಸಾಧಾರಣ ರಬ್ಬರು ವಾಲ್ವು ತಡೆಯುವ ಒತ್ತಡ ಸುಮಾರು 65 ಪೌಂಡು. ಅದಕ್ಕಿಂತ ಹೆಚ್ಚಿನ ಗಾಳಿ ಬೇಕಾದ ಟೈರಿಗೆ ಲೋಹದ ವಾಲ್ವನ್ನೇ ಹಾಕಿಸಬೇಕು.

ಹೊಸ ಟೈರು ಎರಡಕ್ಕೆ ಮಾತ್ರ ಹಣವಿದ್ದರೆ ಅವು ಹಿಂದಕ್ಕೆ ಹೋಗಲಿ. ಒದ್ದೆ ತಿರುವಿನಲ್ಲಿ ಮುಂಭಾಗ ಜಾರಿದರೆ ವೇಗವನ್ನು ಇಳಿಸಿ ಸಾವರಿಸಿಕೊಳ್ಳಬಹುದು, ಹಿಂಭಾಗ ಜಾರಿದರೆ ಬಂಡಿಯೇ ಸುತ್ತಿಬಿಡುತ್ತದೆ. 2009ರ ಕೇಂದ್ರದ ಆಜ್ಞೆಯ ಮೇರೆಗೆ ಟೈರಿನ ಮೇಲೆ ಐಎಸ್‌ಐ ಗುರುತು ಇರಲೇಬೇಕು. ರಿಸೋಲ್ ಮಾಡಿದ, ಅಂದರೆ ಸವೆದ ಮೇಲೆ ಹೊಸ ಹೊರಮೈ ಹಚ್ಚಿದ, ಟೈರು ಲಾರಿಗಳ ಹಿಂದಿನ ಜೋಡಿಚಕ್ರಗಳಲ್ಲಿ ದುಡಿಯುವುದು ಸರಿ, ಜನ ಮಲಗಿ ಪಯಣಿಸುವ ವ್ಯಾನಿನ ಒಂಟಿ ಚಕ್ರಕ್ಕೆ ಅದು ಬೇಡ. ನಟ್ಟುಗಳನ್ನು ಎದುರುಬದುರಾಗಿ ಬಿಗಿಸಿ, ಐವತ್ತು ನೂರು ಕಿಲೊಮೀಟರು ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಗಾಳಿಯನ್ನು ಬೆಳಗಿನ ತಂಪಿನಲ್ಲಿ ಅಳೆಯಬೇಕು. 27 ಡಿಗ್ರಿಯಲ್ಲಿ 50 ಪೌಂಡಿದ್ದ ಒತ್ತಡವು ಟೈರು 57 ಡಿಗ್ರಿಗೆ ಕಾದಾಗ 56ಕ್ಕೂ ಮೇಲೇರುವುದು ಪ್ರಕೃತಿನಿಯಮ. ಅದನ್ನು ಕಂಡು ಹೆದರಿ ದಾರಿಯಲ್ಲಿ ಗಾಳಿ ಬಿಟ್ಟವನು ಮರುದಿನ ಕಡಿಮೆ ಗಾಳಿಯಲ್ಲಿಯೇ ಹೊರಡುತ್ತಾನೆ.

ಅಳತೆ ಮೀರಿದ ಚಕ್ರಗಳನ್ನು ತೊಡಿಸಿ ವಾಹನದ ಮೂಲರಚನೆಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡಿಬರುತ್ತದೆ. ಸೀಟು ಬಿಚ್ಚಿ ಮಂಚ ಹಾಕುವವರೂ ದಾವಣಗೆರೆಯ ಸಾರಿಗೆ ಕಛೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಲೇಸು. ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಯಾತ್ರೆಗೆ ಟೈರು ಬದಲಿಸುವ ಮನಸ್ಸಾದಾಗ ನೇರವಾಗಿ ಟೈರಿನಂಗಡಿಗೆ ಹೋಗಬೇಡಿ. ಸಾಮಾನು ತುಂಬಿದ ವ್ಯಾನನ್ನು ಮೊದಲು ಹತ್ತಿರದ ವೇಬ್ರಿಡ್ಜಿಗೆ ಒಯ್ದು ಚೀಟಿ ಪಡೆಯಿರಿ. ಆ ಚೀಟಿಯನ್ನು ತೋರಿಸಿ, ಇಷ್ಟು ಭಾರಕ್ಕೆ ಯಾವ ಸೂಚಕದ ಟೈರು ಬೇಕೆಂದು ಕೇಳಿರಿ. ಸೈಜು ಮತ್ತು ಬೆಲೆಯ ಮಾತು ಆಮೇಲಿನದು.