ಹನ್ನೊಂದು ಕೋಟಿ, ಐವತ್ತೆರಡು ರನ್: ಅಭಿಮಾನಿಯ ಕೋಪದ ಲೆಕ್ಕಾಚಾರ

ಐಪಿಎಲ್ ಶುರುವಾದರೆ ನಮ್ಮ ಕಾಲೇಜಿನ ವರಾಂಡದಲ್ಲೂ ಕುಣಿಗಲ್ ಬಸ್ಸಿನಲ್ಲೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಅಷ್ಟು ಕೋಟಿ ತಗೊಂಡು ಇದೇನಾ ಆಡೋದು?" ಆಡುವವರ ಹೆಸರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಈ ಕೋಪ ಎಲ್ಲಿಂದ ಬರುತ್ತದೆ, ಅದರಲ್ಲಿ ನ್ಯಾಯ ಎಷ್ಟು, ಅದು ಯಾರ ಮೇಲೆ ಬೀಳಬೇಕು ಎಂಬುದನ್ನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾಗಿ, ಅದಕ್ಕಿಂತ ಹೆಚ್ಚಾಗಿ ಆರ್‌ಸಿಬಿ ಅಭಿಮಾನಿಯಾಗಿ, ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಉದಾಹರಣೆಗೆ ನಮಗೆಲ್ಲ ಚೆನ್ನಾಗಿ ನೆನಪಿರುವ 2024ರ ಸೀಸನ್ ತೆಗೆದುಕೊಳ್ಳೋಣ. ಆರ್‌ಸಿಬಿಯ ಗ್ಲೆನ್ ಮ್ಯಾಕ್ಸ್‌ವೆಲ್ ಅವರ ಬೆಲೆ 11 ಕೋಟಿ ರೂಪಾಯಿ. ಕೆಲವೇ ತಿಂಗಳ ಹಿಂದೆ, 2023ರ ನವೆಂಬರ್ 7ರಂದು, ಮುಂಬೈನಲ್ಲಿ ಅಫ್ಘಾನಿಸ್ತಾನದ ವಿರುದ್ಧ ಕಾಲು ಎಳೆದುಕೊಂಡೇ ಅಜೇಯ 201 ರನ್ ಹೊಡೆದಿದ್ದವರು ಅವರು. ನಿರೀಕ್ಷೆ ಆಕಾಶದಲ್ಲಿತ್ತು. ಮೊದಲ ಆರು ಇನಿಂಗ್ಸ್‌ನಲ್ಲಿ ಬಂದ ರನ್ ಇಷ್ಟು: 0, 3, 28, 0, 1, 0. ಅದು ರಂಜಾನ್ ತಿಂಗಳು. ತರಾವೀಹ್ ಮುಗಿಸಿ ಬಂದು ಮೊಬೈಲ್ ತೆಗೆಯುವಷ್ಟರಲ್ಲಿ ಮ್ಯಾಕ್ಸ್‌ವೆಲ್ ಔಟಾಗಿರುತ್ತಿದ್ದರು. ಏಪ್ರಿಲ್ 11ರಂದು, ಈದ್ ದಿನವೇ, ಮುಂಬೈ ವಿರುದ್ಧ ಮತ್ತೊಂದು ಸೊನ್ನೆ. ಬಿರಿಯಾನಿ ತಿನ್ನುತ್ತಾ ನಮ್ಮ ಮನೆಯಲ್ಲಿ ಹುಡುಗರೆಲ್ಲ ಬೈದದ್ದು ಅವರನ್ನೇ. ಸೀಸನ್ ಮುಗಿದಾಗ ಲೆಕ್ಕ: 10 ಪಂದ್ಯ, 52 ರನ್. ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ವಿರುದ್ಧ ಮೊದಲ ಎಸೆತಕ್ಕೇ ಔಟ್.

ಹನ್ನೊಂದು ಕೋಟಿಯನ್ನು 52ರಿಂದ ಭಾಗಿಸಿದರೆ ಒಂದು ರನ್ನಿಗೆ ಸುಮಾರು 21 ಲಕ್ಷ ರೂಪಾಯಿ. ಕೋಪ ಹುಟ್ಟುವುದು ಈ ಭಾಗಾಕಾರದಿಂದಲೇ. ಒಬ್ಬ ಆಟಗಾರ ಚೆನ್ನಾಗಿ ಆಡದಿದ್ದರೆ ಬೇಸರವಾಗುತ್ತದೆ. ಅವನ ಬೆಲೆ ಗೊತ್ತಿದ್ದರೆ ಮೋಸ ಹೋದಂತೆ ಅನಿಸುತ್ತದೆ. ಬೇಸರಕ್ಕೂ ಮೋಸ ಹೋದ ಭಾವನೆಗೂ ಬಹಳ ವ್ಯತ್ಯಾಸವಿದೆ. ಹಾಗಾದರೆ ನಿಜವಾಗಿ ಯಾರಿಗಾದರೂ ಮೋಸವಾಗಿದೆಯೇ?

ಬೆಲೆ ಕಟ್ಟುವವರು ಯಾರು?

ಮೊದಲು ತಿಳಿಯಬೇಕಾದ್ದು, ಹರಾಜಿನಲ್ಲಿ ಆಟಗಾರ ತನ್ನ ಬೆಲೆಯನ್ನು ಕೇಳುವುದಿಲ್ಲ. ಅವನು ಹೇಳುವುದು ಮೂಲಬೆಲೆ ಮಾತ್ರ. ಅದರ ಗರಿಷ್ಠ ಮಿತಿ 2 ಕೋಟಿ. ಅದರ ಮೇಲಿನ ಪ್ರತಿ ರೂಪಾಯಿಯನ್ನೂ ಏರಿಸುವವರು ಮೇಜಿನ ಹಿಂದೆ ಕುಳಿತ ತಂಡಗಳವರು. 2014ರಲ್ಲಿ ಯುವರಾಜ್ ಸಿಂಗ್ ಅವರನ್ನು ಆರ್‌ಸಿಬಿ 14 ಕೋಟಿಗೆ ಕೊಂಡಿತು. ಅವರು 376 ರನ್ ಹೊಡೆದರು, ತಂಡ ಏಳನೇ ಸ್ಥಾನಕ್ಕೆ ಇಳಿಯಿತು, ಯುವರಾಜ್ ಅವರನ್ನು ಬಿಟ್ಟುಬಿಟ್ಟರು. ಮರುವರ್ಷ ದೆಹಲಿ ತಂಡ ಅವರಿಗೆ 16 ಕೋಟಿ ಕೊಟ್ಟಿತು! ಎರಡೂ ಸಲ "ಇಷ್ಟು ಕೊಡಿ" ಎಂದು ಯುವರಾಜ್ ಪಟ್ಟು ಹಿಡಿದಿರಲಿಲ್ಲ. ಆದರೆ ಬೈಗುಳ ತಿಂದವರು ಮಾತ್ರ ಅವರು.

ಇನ್ನು, ಈ ಹಣ ಹೆಚ್ಚಾಗಿ ನಮ್ಮ ಟಿಕೆಟ್ಟಿನಿಂದ ಬರುವುದೂ ಅಲ್ಲ. 2023ರಿಂದ 2027ರವರೆಗಿನ ಪ್ರಸಾರ ಹಕ್ಕುಗಳೇ 48,390 ಕೋಟಿ ರೂಪಾಯಿಗೆ ಮಾರಾಟವಾಗಿವೆ. ಅದರಲ್ಲಿ ತಂಡಗಳಿಗೆ ಪಾಲು ಸಿಗುತ್ತದೆ. ನಾವು ಕೊಡುವುದು ಸಮಯ, ನೋಡುವ ಜಾಹೀರಾತು ಮತ್ತು ಮೊಬೈಲ್ ಡೇಟಾ.

ಆದರೂ ಅಭಿಮಾನಿಗೆ ನಷ್ಟವಾಗುತ್ತದೆ. ಅದು ಬೇರೆ ರೀತಿಯ ನಷ್ಟ. ಪ್ರತಿ ತಂಡದ ಕೈಚೀಲಕ್ಕೆ ಮಿತಿಯಿದೆ. 2022ರಲ್ಲಿ ಅದು 90 ಕೋಟಿ ಇತ್ತು. ಆರ್‌ಸಿಬಿ ಮೂವರನ್ನು ಉಳಿಸಿಕೊಂಡಿತು: ವಿರಾಟ್ ಕೊಹ್ಲಿ 15 ಕೋಟಿ, ಮ್ಯಾಕ್ಸ್‌ವೆಲ್ 11 ಕೋಟಿ, ಮೊಹಮ್ಮದ್ ಸಿರಾಜ್ 7 ಕೋಟಿ. ಒಟ್ಟು 33 ಕೋಟಿ ಹೋಗಿ ಮಿಕ್ಕದ್ದು 57 ಕೋಟಿ. ಉಳಿದ ಎಲ್ಲರನ್ನೂ ಇದರಲ್ಲೇ ಕೊಳ್ಳಬೇಕು. ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬ ಒಳ್ಳೆಯ ಬೌಲರ್ ಕೈತಪ್ಪುತ್ತಾನೆ. ಅರ್ಥಶಾಸ್ತ್ರದಲ್ಲಿ ನಾವು ಓದುವ ಅವಕಾಶ ವೆಚ್ಚ ಇದೇ. ಆದ್ದರಿಂದ "ದುಬಾರಿ ಆಟಗಾರ ಆಡಲಿಲ್ಲ" ಎಂಬ ದೂರಿನಲ್ಲಿ ನ್ಯಾಯವಿದೆ. ವಿಳಾಸ ಮಾತ್ರ ತಪ್ಪಿದೆ.

ಹುಣಸೆ ಮರದ ಗುತ್ತಿಗೆ

ಬುದ್ಧಿವಂತರು ಕುಳಿತ ಮೇಜಿನಲ್ಲಿ ಬೆಲೆ ಯಾಕೆ ಹೀಗೆ ಏರುತ್ತದೆ? ನಮ್ಮ ಕಡೆಯ ಒಂದು ವ್ಯವಹಾರದಿಂದ ಇದನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಹುಣಸೆ ಮರವನ್ನೋ ಮಾವಿನ ತೋಪನ್ನೋ ಕಾಯಿ ಬಲಿಯುವ ಮೊದಲೇ ಗುತ್ತಿಗೆಗೆ ಕೊಡುವುದುಂಟು. ಐದು ಜನ ವ್ಯಾಪಾರಿಗಳು ಮರದ ಕೆಳಗೆ ನಿಂತು ಅಂದಾಜು ಮಾಡುತ್ತಾರೆ ಎಂದುಕೊಳ್ಳಿ. ಫಸಲಿನ ನಿಜವಾದ ಬೆಲೆ 10,000 ರೂಪಾಯಿ, ಆದರೆ ಅದು ಈಗ ಯಾರಿಗೂ ಗೊತ್ತಿಲ್ಲ. ಒಬ್ಬರ ಅಂದಾಜು 8,000, ಇನ್ನೊಬ್ಬರದು 9,000, ಮತ್ತೊಬ್ಬರದು 10,000, ನಾಲ್ಕನೆಯವರದು 12,000, ಐದನೆಯವರದು 14,000. ಕೂಗು ಏರುತ್ತಾ ಹೋದಂತೆ ಕಡಿಮೆ ಅಂದಾಜಿನವರು ಒಬ್ಬೊಬ್ಬರೇ ಹಿಂದೆ ಸರಿಯುತ್ತಾರೆ. 12,000 ದಾಟಿದ ಕೂಡಲೇ ನಾಲ್ಕನೆಯವರೂ ಸುಮ್ಮನಾಗುತ್ತಾರೆ. ಮರ ಐದನೆಯವರ ಪಾಲಾಗುತ್ತದೆ, ಜೊತೆಗೆ ಎರಡು ಸಾವಿರಕ್ಕೂ ಹೆಚ್ಚಿನ ನಷ್ಟವೂ.

ಇಲ್ಲಿ ಯಾರೂ ಮೂರ್ಖರಲ್ಲ. ಐವರ ಅಂದಾಜಿನ ಸರಾಸರಿ ನಿಜಬೆಲೆಗೆ ಹತ್ತಿರವೇ ಇದೆ. ಆದರೆ ಹರಾಜು ಗೆಲ್ಲಿಸುವುದು ಸರಾಸರಿ ಅಂದಾಜನ್ನಲ್ಲ, ಅತಿ ಹೆಚ್ಚು ಆಸೆಪಟ್ಟವರನ್ನು. ಇದಕ್ಕೆ 'ಗೆದ್ದವನ ಶಾಪ' ಎಂಬ ಹೆಸರಿದೆ. ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ನಿಕ್ಷೇಪಗಳಿಗಾಗಿ ಕೂಗುತ್ತಿದ್ದ ಕಂಪನಿಗಳಿಗೆ ಯಾಕೆ ಲಾಭ ಬರುತ್ತಿಲ್ಲ ಎಂದು ಅಮೆರಿಕದ ಮೂವರು ಎಂಜಿನಿಯರುಗಳು, ಕೇಪನ್, ಕ್ಲ್ಯಾಪ್ ಮತ್ತು ಕ್ಯಾಂಪ್‌ಬೆಲ್, 1971ರಲ್ಲಿ ಇದನ್ನು ವಿವರಿಸಿದರು. ಐಪಿಎಲ್ ಹರಾಜಿಗೂ ಇದು ಹೊಂದುತ್ತದೆ. ಮುಂದಿನ ಬೇಸಿಗೆಯಲ್ಲಿ ಒಬ್ಬ ಆಟಗಾರ ಎಷ್ಟು ರನ್ ಹೊಡೆಯುತ್ತಾನೆ ಎಂಬುದು ಹೂವಿನಲ್ಲಿರುವ ಫಸಲಿನಂತೆಯೇ.

ಕೊರತೆಯೂ ಬೆಲೆ ಏರಿಸುತ್ತದೆ. ಆಡುವ ಹನ್ನೊಂದರಲ್ಲಿ ವಿದೇಶಿಯರು ನಾಲ್ವರು ಮಾತ್ರ ಇರಬಹುದು. ವೇಗದ ಬೌಲಿಂಗ್ ಜೊತೆಗೆ ಬ್ಯಾಟನ್ನೂ ಬೀಸಬಲ್ಲವರು ವಿರಳ. 2021ರಲ್ಲಿ ನ್ಯೂಜಿಲೆಂಡಿನ ಎತ್ತರದ ಬೌಲರ್ ಕೈಲ್ ಜೇಮಿಸನ್ ಅವರಿಗೆ ಆರ್‌ಸಿಬಿ 15 ಕೋಟಿ ಕೊಟ್ಟಿತು. ಅವರು ಆಡಿದ್ದು 9 ಪಂದ್ಯ, ಪಡೆದದ್ದು 9 ವಿಕೆಟ್.

ಒಳ್ಳೆಯ ವರ್ಷದ ನಂತರದ ವರ್ಷ

ಎರಡನೆಯ ಕಾರಣ ಸಂಖ್ಯಾಶಾಸ್ತ್ರದ್ದು. ಮ್ಯಾಕ್ಸ್‌ವೆಲ್ ಅವರ ಲೆಕ್ಕವನ್ನು ವರ್ಷವಾರು ನೋಡಿ. 2020ರಲ್ಲಿ ಪಂಜಾಬ್ ಪರ, 10.75 ಕೋಟಿಗೆ, 13 ಪಂದ್ಯಗಳಲ್ಲಿ 108 ರನ್. ಒಂದೇ ಒಂದು ಸಿಕ್ಸರ್ ಇಲ್ಲ. ಮರುವರ್ಷ ಆರ್‌ಸಿಬಿ ಅವರಿಗೆ 14.25 ಕೋಟಿ ಕೊಟ್ಟಾಗ ನಕ್ಕವರೇ ಹೆಚ್ಚು. ಆ ವರ್ಷ ಅವರು ಹೊಡೆದದ್ದು 513. ನಂತರ 2022ರಲ್ಲಿ 301, 2023ರಲ್ಲಿ 400, 2024ರಲ್ಲಿ 52.

ನಾಲ್ಕು ವರ್ಷಕ್ಕೆ ಆರ್‌ಸಿಬಿ ಕೊಟ್ಟದ್ದು 47.25 ಕೋಟಿ, ಸಿಕ್ಕಿದ್ದು 1,266 ರನ್. ಒಂದು ರನ್ನಿಗೆ 3.7 ಲಕ್ಷದಷ್ಟು. 2024 ಒಂದನ್ನೇ ನೋಡಿದರೆ 21 ಲಕ್ಷ, 2021 ಒಂದನ್ನೇ ನೋಡಿದರೆ 2.8 ಲಕ್ಷ. ಆಟಗಾರ ಒಬ್ಬರೇ, ನಾವು ಯಾವ ಕಿಟಕಿಯಿಂದ ನೋಡುತ್ತೇವೆ ಎಂಬುದರ ಮೇಲೆ ದೇವರೂ ಆಗುತ್ತಾರೆ, 'ವೇಸ್ಟ್ ಬಾಡಿ'ಯೂ ಆಗುತ್ತಾರೆ.

ಅತಿ ಒಳ್ಳೆಯ ಫಲಿತಾಂಶದ ನಂತರದ ಫಲಿತಾಂಶ ಸಾಮಾನ್ಯವಾಗಿ ಸ್ವಲ್ಪ ಕೆಳಗೆ, ಅತಿ ಕೆಟ್ಟದ್ದರ ನಂತರದ್ದು ಸ್ವಲ್ಪ ಮೇಲೆ ಇರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಇದನ್ನು ತೋರಿಸಿದರು: ಬಹಳ ಎತ್ತರದವರ ಮಕ್ಕಳು ಸರಾಸರಿಯಾಗಿ ಅವರಷ್ಟು ಎತ್ತರ ಇರಲಿಲ್ಲ. ಸರಾಸರಿಯ ಕಡೆಗೆ ಮರಳುವುದು ಎನ್ನುತ್ತಾರೆ. ಆಟಗಾರನಿಗೆ ದೊಡ್ಡ ಬೆಲೆ ಬರುವುದು ಅವನ ಅತ್ಯುತ್ತಮ ವರ್ಷದ ನಂತರ. ಅಂದರೆ ಇಳಿಯುವ ಸಾಧ್ಯತೆ ಹೆಚ್ಚಿರುವ ಹೊತ್ತಿಗೇ ನಾವು ಅವನ ನೆತ್ತಿಗೆ ಕೋಟಿಯ ಚೀಟಿ ಅಂಟಿಸುತ್ತೇವೆ. ಲೀಗ್ ಹಂತದಲ್ಲಿ ಇರುವುದೇ 14 ಪಂದ್ಯ. ಹೊಡಿಬಡಿ ಆಟಗಾರನಿಗೆ ನಾಲ್ಕೈದು ಕೆಟ್ಟ ಸಂಜೆ ಬಂದರೆ ಇಡೀ ಸೀಸನ್ ಹೋಯಿತು.

ಹಾಕಿಯ ಮಾತು

ಹೋಲಿಕೆಗೆ ಹಾಕಿ ನೋಡೋಣ. ಏಳು ವರ್ಷ ನಿಂತಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಅದರ ಹರಾಜಿನಲ್ಲಿ ಅತಿ ದುಬಾರಿ ಆಟಗಾರ ಭಾರತ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್, 78 ಲಕ್ಷ ರೂಪಾಯಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದು ಕಂಚು ಗೆಲ್ಲಿಸಿದವರು. ಪುರುಷರ ಒಂದು ತಂಡ 24 ಆಟಗಾರರನ್ನು ಕೊಳ್ಳಲು ಇದ್ದ ಹಣ 4 ಕೋಟಿ. ಹನ್ನೊಂದು ಕೋಟಿಯಲ್ಲಿ ಎರಡೂವರೆ ತಂಡಕ್ಕೂ ಮಿಕ್ಕಿ ಬರುತ್ತಿತ್ತು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥವರನ್ನು ಕೊಟ್ಟ ಕೊಡಗು ನಮ್ಮ ರಾಜ್ಯದ್ದೇ. ಆದರೂ ಆ ಸೀಸನ್ನಿನ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಸಂಬಳ ಆಟಗಾರನ ಶ್ರಮವನ್ನು ಅಳೆಯುವುದಿಲ್ಲ, ಆ ಆಟ ಎಷ್ಟು ಕಣ್ಣುಗಳನ್ನು ಸೆಳೆಯುತ್ತದೆ ಎಂಬುದನ್ನು ಅಳೆಯುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್‌ನಲ್ಲಿ ಅಭಿಮಾನಿಯ ಸಂಕಟ ಇನ್ನೂ ದೊಡ್ಡದು. ಅಲ್ಲಿಯೂ 2005ರಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿಯಿದೆ, ಆದರೆ ಒಪ್ಪಂದ ಏಳೆಂಟು ವರ್ಷದ್ದಿರಬಹುದು. ಆಟ ಕುಸಿದವರನ್ನು ನಡುವೆ ಬಿಟ್ಟರೂ ಆ ಹೊರೆ ಹಲವು ವರ್ಷ ತಂಡದ ಲೆಕ್ಕದಲ್ಲಿ ಉಳಿಯುತ್ತದೆ. ನಮ್ಮಲ್ಲಿ ಬಿಟ್ಟ ಕೂಡಲೇ ಹಣ ಕೈಚೀಲಕ್ಕೆ ಮರಳುತ್ತದೆ. ಮ್ಯಾಕ್ಸ್‌ವೆಲ್ ಅವರನ್ನು ಆರ್‌ಸಿಬಿ ಬಿಟ್ಟ ಮೇಲೆ ಪಂಜಾಬ್ ಕೊಂಡದ್ದು 4.2 ಕೋಟಿಗೆ.

ಕೊಟ್ಟಾಯಿತಲ್ಲ, ಆಡಿಸೋಣ

ಅಭಿಮಾನಿಗಳ ಇನ್ನೊಂದು ದೂರು: ಆಡದವರನ್ನು ಯಾಕೆ ಮತ್ತೆ ಮತ್ತೆ ಆಡಿಸುತ್ತಾರೆ? ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಎಂಬ ಸಂಶೋಧಕರು 1995ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರ ಲೆಕ್ಕ ತೆಗೆದರು. ಮೊದಮೊದಲ ಸರದಿಯಲ್ಲಿ ಆಯ್ಕೆಯಾದವರಿಗೆ, ಅಂದರೆ ತಂಡ ಹೆಚ್ಚು ಬೆಲೆ ತೆತ್ತವರಿಗೆ, ಅವರ ಆಟದ ಮಟ್ಟಕ್ಕಿಂತ ಹೆಚ್ಚು ಸಮಯ ಅಂಗಳದಲ್ಲಿ ಸಿಗುತ್ತಿತ್ತು. ಕೊಟ್ಟ ಹಣ ಹೇಗೂ ಮರಳುವುದಿಲ್ಲ. ಆದರೂ ಆ ಹಣದ ಮೋಹ ಮುಂದಿನ ತೀರ್ಮಾನವನ್ನು ಹಾಳು ಮಾಡುತ್ತದೆ. ಇಷ್ಟವಿಲ್ಲದ ಕಾಂಬಿನೇಷನ್ ಅನ್ನು "ಫೀಸು ಕಟ್ಟಾಯಿತಲ್ಲ" ಎಂದು ಮುಂದುವರಿಸುವ ನಮ್ಮ ಗೆಳೆಯರದೂ ಇದೇ ಕಥೆ.

ಇಲ್ಲಿ ಮ್ಯಾಕ್ಸ್‌ವೆಲ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಏಪ್ರಿಲ್‌ನಲ್ಲಿ, ತಂಡ ಸಾಲಾಗಿ ಸೋಲುತ್ತಿದ್ದಾಗ, ತಮ್ಮ ಬದಲು ಬೇರೆಯವರನ್ನು ಆಡಿಸಿ ಎಂದು ನಾಯಕ ಡು ಪ್ಲೆಸಿಸ್ ಅವರಿಗೆ ಅವರೇ ಹೇಳಿ, ಮನಸ್ಸಿಗೂ ದೇಹಕ್ಕೂ ವಿಶ್ರಾಂತಿ ತೆಗೆದುಕೊಂಡರು. ತಂಡದ ಆಡಳಿತ ತೆಗೆದುಕೊಳ್ಳಲಾಗದ ತೀರ್ಮಾನವನ್ನು ಆಟಗಾರನೇ ತೆಗೆದುಕೊಂಡಂತಾಯಿತು. ಮೊದಲ ಎಂಟರಲ್ಲಿ ಏಳು ಸೋತಿದ್ದ ಆರ್‌ಸಿಬಿ ನಂತರ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋಯಿತು.

ಬೈಗುಳ ಎಲ್ಲಿಗೆ ಮುಟ್ಟುತ್ತದೆ?

ಟೀಕೆ ಬೇಡವೆಂದು ನಾನು ಹೇಳುತ್ತಿಲ್ಲ. ಟೀಕೆಯಿಲ್ಲದಿದ್ದರೆ ತಂಡಗಳು ತಿದ್ದಿಕೊಳ್ಳುವುದೂ ಇಲ್ಲ. ಆದರೆ ಟೀಕೆ ಆಟವನ್ನು ಬಿಟ್ಟು ಮನೆತನಕ್ಕೆ ಹೋಗುವುದು ಬಹಳ ಸುಲಭ. 2019ರಲ್ಲಿ ಮೊಹಮ್ಮದ್ ಸಿರಾಜ್ ಅವರ ಸೀಸನ್ ಕೆಟ್ಟದಾಗಿತ್ತು. ಆಗ ಅವರಿಗೆ ಬಂದ ಮಾತು, ಕ್ರಿಕೆಟ್ ಬಿಟ್ಟು ಅಪ್ಪನ ಜೊತೆ ಆಟೋ ಓಡಿಸು ಎಂದು. ಇದನ್ನು ಮುಂದೆ ಅವರೇ ಹೇಳಿಕೊಂಡರು. ಆಟೋ ಓಡಿಸಿ ಮಗನನ್ನು ಬೆಳೆಸಿದ ತಂದೆಯ ದುಡಿಮೆಯನ್ನೇ ಬೈಗುಳ ಮಾಡಿದ್ದರು. ನಮ್ಮ ತರಗತಿಗಳಲ್ಲಿ ಆಟೋ, ಲಾರಿ, ಗ್ಯಾರೇಜು, ಹಣ್ಣಿನ ಗಾಡಿ ನಂಬಿಕೊಂಡ ಮನೆಯವರು ಎಷ್ಟು ಜನ ಇದ್ದೇವೆ ಎಂದು ಒಮ್ಮೆ ಎಣಿಸಿದರೆ ಈ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯುತ್ತದೆ. ಮರುವರ್ಷ, 2020ರ ಅಕ್ಟೋಬರ್ 21ರಂದು, ಕೋಲ್ಕತ್ತ ವಿರುದ್ಧ ಅದೇ ಸಿರಾಜ್ 8 ರನ್ನಿಗೆ 3 ವಿಕೆಟ್ ಪಡೆದರು. ಒಂದೇ ಐಪಿಎಲ್ ಪಂದ್ಯದಲ್ಲಿ ಎರಡು ಮೇಡನ್ ಓವರ್ ಹಾಕಿದ ಮೊದಲಿಗರಾದರು.

ಬೆಲೆಚೀಟಿ ಎಷ್ಟು ಸುಳ್ಳು ಹೇಳಬಲ್ಲದು ಎಂಬುದಕ್ಕೆ ರಜತ್ ಪಾಟೀದಾರ್ ಸಾಕು. 2022ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ನಮ್ಮ ರಾಜ್ಯದ ಲವನೀತ್ ಸಿಸೋಡಿಯಾ ಬದಲಿಗೆ 20 ಲಕ್ಷಕ್ಕೆ ಬಂದರು. ಅದೇ ಸೀಸನ್ನಿನ ಎಲಿಮಿನೇಟರ್‌ನಲ್ಲಿ ಲಕ್ನೋ ವಿರುದ್ಧ 54 ಎಸೆತಗಳಲ್ಲಿ ಅಜೇಯ 112. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಕಪ್ ಎತ್ತಿದಾಗ ನಾಯಕ ಅವರೇ.

ಹಾಗಾಗಿ ಮುಂದಿನ ಸಲ "ಇಷ್ಟು ಕೋಟಿ ತಗೊಂಡು" ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಬೆಲೆ ಕಟ್ಟಿದವರು ಯಾರು? ನಾನು ನೋಡುತ್ತಿರುವುದು ಎಷ್ಟು ಪಂದ್ಯಗಳ ಲೆಕ್ಕ? ನನ್ನ ಮಾತು ಅವರ ಆಟದ ಬಗ್ಗೆಯೇ ಇದೆಯೇ? ಮೂರಕ್ಕೂ ಉತ್ತರ ಇಟ್ಟುಕೊಂಡು ಬೈದರೆ ಅದು ಒಳ್ಳೆಯ ವಿಮರ್ಶೆ, ಅಂಥ ವಿಮರ್ಶೆಯನ್ನು ತಂಡದ ಮಾಲೀಕರೂ ಕೇಳಬೇಕು. ಬೇರೆ ಲೆಕ್ಕ ಹಾಕಿದವರು, ಅಥವಾ ನನ್ನ ಲೆಕ್ಕವನ್ನು ಒಪ್ಪದವರು, ಮುಂದಿನ ಸಂಚಿಕೆಗೆ ಬರೆದು ಕೊಡಿ. ಓದಲು ಕಾಯುತ್ತಿರುತ್ತೇನೆ.